ಕಾಲುವೆಯ ತವರಿಗೆ ಎರಡು ದಿನ

ಆಷಾಢ ಹಿಡಿಯಿತೆಂದರೆ ಹಗರಿ ದಂಡೆಯ ಹಳ್ಳಿಗಳಲ್ಲಿ ಬಾಗಿಲು ತೆರೆದಿಟ್ಟು ಉಣ್ಣಲು ಕೂರುವವರು ಕಡಿಮೆ. ಒಣಗಿದ ಹೊಳೆಯಿಂದ ಎದ್ದ ಗಾಳಿ ಮರಳು ಹೊತ್ತು ತರುತ್ತದೆ. ಅದು ಮೊದಲು ಬದುವಿನ ಜಾಲಿಯ ಬುಡಕ್ಕೆ ಬೀಳುತ್ತದೆ, ಆಮೇಲೆ ಹೊಲಕ್ಕೆ, ಕೊನೆಗೆ ತಟ್ಟೆಗೆ. ಅನಂತಪುರ ಜಿಲ್ಲೆಯ ಕಣೇಕಲ್ಲು, ಬೊಮ್ಮನಹಾಳು ಮಂಡಲಗಳಿಗೆ ಈ ಮರಳು ದಿಬ್ಬಗಳು ಹೊಸತಲ್ಲ. ದರ್ಗಾಹೊನ್ನೂರಿನ ಆಸುಪಾಸಿನಲ್ಲಿ ನಿಂತರೆ ರಾಜಸ್ಥಾನವೇ ದಾರಿ ತಪ್ಪಿ ಇತ್ತ ಬಂದಿದೆಯೇನೋ ಅನ್ನಿಸುತ್ತದೆ. ಇವೇ ಮಂಡಲಗಳಲ್ಲಿ ಸ್ವಲ್ಪ ಆಚೆ ಹೋದರೆ ಕಣ್ಣು ಹಾಯುವಷ್ಟು ದೂರ ನೆಲ್ಲಿನ ಗದ್ದೆ. ಆ ವ್ಯತ್ಯಾಸ ಮಾಡಿದ್ದು ಒಂದು ಕಾಲುವೆ. ಕಡತಗಳಲ್ಲಿ ಅದು ತುಂಗಭದ್ರಾ ಬಲದಂಡೆ ಮೇಲ್ಮಟ್ಟದ ಕಾಲುವೆ, ಊರವರ ಬಾಯಲ್ಲಿ ಬರೀ ಎಚ್ಚೆಲ್ಸಿ.

ಜುಲೈನಲ್ಲಿ ಕಣೇಕಲ್ಲಿನ ರೈತನಿಗೆ ಕೆಲಸಕ್ಕಿಂತ ಕಾಯುವುದೇ ಜಾಸ್ತಿ. ಡ್ಯಾಮಿಗೆ ಎಷ್ಟು ಬಂತು, ಕಾಲುವೆಗೆ ಯಾವತ್ತು ಬಿಡುತ್ತಾರೆ, ಕೆರೆಗೆ ಯಾವಾಗ ತಲುಪುತ್ತದೆ ಎಂಬುದು ಬಿಟ್ಟರೆ ಹೋಟೆಲಿನ ಬೆಂಚಿನ ಮೇಲೆ ಬೇರೆ ಮಾತಿರುವುದಿಲ್ಲ. ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಹುಡುಗರ ಮೊಬೈಲಿನೊಳಗೆ ಬಾಲಿಯ, ವಿಯೆಟ್ನಾಮಿನ, ಫಿಲಿಪ್ಪೀನ್ಸಿನ ಬೆಟ್ಟದ ಗದ್ದೆಗಳು ಒಂದರ ಹಿಂದೊಂದು ಸರಿಯುತ್ತಿರುತ್ತವೆ. ಮಂಜು, ಮೆಟ್ಟಿಲು ಮೆಟ್ಟಿಲಾಗಿ ಇಳಿದ ಹಸಿರು, ಗದ್ದೆಯ ನೀರಿನಲ್ಲಿ ಆಕಾಶ. ಒಂದ್ಸಲ ಹೋಗಿ ಬರಬೇಕು ಎನ್ನುವುದು ಹುಡುಗರ ಆಸೆ. ನೆಲ್ಲು ನೋಡುವುದಕ್ಕೆ ಊರು ಬಿಟ್ಟು ಹೋಗಬೇಕೇನೋ ಎನ್ನುವುದು ಹಿರಿಯರ ಗೇಲಿ.

ಗೇಲಿಯಲ್ಲಿ ನ್ಯಾಯವಿದೆ. ಗದ್ದೆಯ ನಡುವೆಯೇ ಹುಟ್ಟಿ ಬೆಳೆದವರು ಗದ್ದೆ ನೋಡಲು ರಜೆ ಹಾಕುವುದೆಂದರೆ ಮೇಲ್ನೋಟಕ್ಕೆ ತಮಾಷೆಯೇ. ಆದರೆ ಕಣೇಕಲ್ಲಿನಿಂದ ಬೆಟ್ಟದ ಗದ್ದೆಗೆ ಹೊರಡುವವರಿಗೆ ಬೆಂಗಳೂರಿನ ಪ್ರವಾಸಿಗೆ ಇರದ ಒಂದು ಕಾರಣವಿದೆ. ತಮ್ಮ ಗದ್ದೆಗೆ ಬರುವ ನೀರು ಅದಕ್ಕೂ ಮೊದಲು ಯಾರ ಗದ್ದೆಯಲ್ಲಿ ನಿಂತು ಬರುತ್ತದೆ ಎಂಬುದನ್ನು ಅವರು ನೋಡಿ ಬರಬಹುದು.

ತುಂಗೆ ಮತ್ತು ಭದ್ರೆ ಎರಡೂ ಹುಟ್ಟುವುದು ಚಿಕ್ಕಮಗಳೂರು ಜಿಲ್ಲೆಯ ವರಾಹ ಪರ್ವತದ ಗಂಗಾಮೂಲದಲ್ಲಿ. ತುಂಗೆ ಶೃಂಗೇರಿ, ತೀರ್ಥಹಳ್ಳಿ, ಗಾಜನೂರು, ಶಿವಮೊಗ್ಗ ಹಾದು ಬರುತ್ತದೆ. ಭದ್ರೆ ಕಳಸ, ಬಾಳೆಹೊನ್ನೂರು ಬಳಸಿ ಲಕ್ಕವಳ್ಳಿಯ ಅಣೆಕಟ್ಟಿನಲ್ಲಿ ತಂಗಿ, ಭದ್ರಾವತಿ ದಾಟಿ ಕೂಡ್ಲಿಯಲ್ಲಿ ತುಂಗೆಯನ್ನು ಸೇರುತ್ತದೆ. ಅಲ್ಲಿಂದ ಹೊನ್ನಾಳಿ, ಹರಿಹರದ ಮೇಲೆ ಹೊಸಪೇಟೆ. ಅಲ್ಲಿ 1945ರಲ್ಲಿ ಕೆಲಸ ಆರಂಭವಾಗಿ 1953ರಲ್ಲಿ ನೀರು ನಿಂತ ಅಣೆಕಟ್ಟು. ಅದರ ಬಲದಂಡೆಯ ಮೇಲ್ಮಟ್ಟದ ಕಾಲುವೆಯಲ್ಲಿ ಕರ್ನಾಟಕಕ್ಕೆ 17.5 ಟಿಎಂಸಿ, ಆಂಧ್ರಕ್ಕೆ 32.5 ಟಿಎಂಸಿ ಎಂದು ಪಾಲು. ಕಾಲುವೆ ಕರ್ನಾಟಕದೊಳಗೆ ನೂರು ಕಿಲೋಮೀಟರಿಗೂ ಮೀರಿ ಹರಿದು ಗಡಿ ದಾಟುತ್ತದೆ. ಆಮೇಲೆ ಕಣೇಕಲ್ಲು ಕೆರೆ.

ಹಗರಿಯ ಕತೆಯೂ ಆ ಬೆಟ್ಟಗಳ ಕಡೆಯದೇ. ಹಗರಿ ಎಂದರೆ ವೇದಾವತಿ. ಅವಳೂ ಚಿಕ್ಕಮಗಳೂರಿನವಳೇ, ಬಾಬಾಬುಡನ್ ಗಿರಿಯ ಮಗಳು. ಒಂದು ಕವಲು ಅಯ್ಯನಕೆರೆಯ ಮೂಲಕ, ಇನ್ನೊಂದು ಮದಗದಕೆರೆಯ ಮೂಲಕ ಇಳಿದು ಕಡೂರಿನ ಹತ್ತಿರ ಕೂಡುತ್ತವೆ. ಮುಂದೆ ಹಿರಿಯೂರಿನ ಮಾರಿಕಣಿವೆಯಲ್ಲಿ ಮೈಸೂರು ಅರಸರ ಕಾಲದ ವಾಣಿವಿಲಾಸ ಸಾಗರ ಅವಳನ್ನು ತಡೆದಿದೆ. ಆ ಜಲಾಶಯ 1933ರಲ್ಲಿ ಕೋಡಿ ಬಿದ್ದಿದ್ದು, ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ! ಅದಕ್ಕೂ ಕೆಳಗೆ ಗುಮ್ಮಗಟ್ಟದ ಬಳಿ ಭೈರವಾನಿತಿಪ್ಪ ಜಲಾಶಯ. ಇಷ್ಟೆಲ್ಲ ದಾಟಿ ಕಣೇಕಲ್ಲಿನ ಕಡೆ ಬರುವಾಗ ಹೊಳೆಯಲ್ಲಿ ನೀರಿಗಿಂತ ಮರಳೇ ಹೆಚ್ಚು.

ಆ ಮರಳನ್ನು ಎಬ್ಬಿಸುವ ಗಾಳಿಯೂ ಬೇರೆ ದಿಕ್ಕಿನದಲ್ಲ. ಅರಬ್ಬೀ ಸಮುದ್ರದಿಂದ ಬಂದ ನೈಋತ್ಯ ಮಾರುತ ಆಗುಂಬೆಯ ಗೋಡೆಗೆ ಡಿಕ್ಕಿ ಹೊಡೆದು ಮೇಲೇರಿ, ತಣಿದು, ಹೊತ್ತು ತಂದದ್ದನ್ನೆಲ್ಲ ಅಲ್ಲೇ ಸುರಿದುಬಿಡುತ್ತದೆ. ಬೆಟ್ಟ ಇಳಿದು ಈ ಕಡೆ ಬರುವ ಹೊತ್ತಿಗೆ ಅದರ ಜೋಳಿಗೆ ಖಾಲಿ, ಕಾಲಲ್ಲಿ ಮಾತ್ರ ಕಸುವಿರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಅನಂತಪುರ ಜಿಲ್ಲೆಯ ವಾಡಿಕೆ ಮಳೆ ಸುಮಾರು 550 ಮಿಲಿಮೀಟರು. ಇಲ್ಲಿ ಮೂರು ವರ್ಷಕ್ಕೆ ಬೀಳುವಷ್ಟು ಮಳೆ ಅಲ್ಲಿ ಜುಲೈ ಒಂದೇ ತಿಂಗಳಲ್ಲಿ ಬೀಳುತ್ತದೆ. ಆಗುಂಬೆಯಲ್ಲಿ ಹೆಂಚಿನ ಮೇಲೆ ಮಳೆ ಬಾರಿಸುವ ವಾರ, ದರ್ಗಾಹೊನ್ನೂರಿನಲ್ಲಿ ಕಿಟಕಿಗೆ ಮರಳು ಬಡಿಯುವ ವಾರ. ಎರಡನ್ನೂ ತರುವುದು ಒಂದೇ ಗಾಳಿ.

ಹೀಗಾಗಿ ಯಾವಾಗ ಹೋಗಬೇಕು ಎಂಬ ಪ್ರಶ್ನೆಗೆ ಪ್ರವಾಸಿ ಜಾಹೀರಾತುಗಳ ಉತ್ತರ ಇಲ್ಲಿಯವರಿಗೆ ಹೊಂದುವುದಿಲ್ಲ. ಜಾಹೀರಾತು ಹೇಳುವುದು ಮಳೆ ನಿಂತ ಮೇಲೆ, ಚಳಿ ಬಿದ್ದ ಮೇಲೆ ಬನ್ನಿ ಎಂದು. ಅಷ್ಟು ಹೊತ್ತಿಗೆ ಮಲೆನಾಡಿನ ಗದ್ದೆ ಕೊಯ್ಲಾಗಿ ಬರೀ ಕೂಳೆ ಉಳಿದಿರುತ್ತದೆ. ಕಣೇಕಲ್ಲಿನಲ್ಲೂ ಡಿಸೆಂಬರ್, ಜನವರಿ ಎಂದರೆ ಕೊಯ್ಲು, ಕಣ, ಮೂಟೆ, ಲಾರಿ. ಆಗ ಯಾರಿಗೂ ಊರು ಬಿಡಲು ಬಿಡುವಿಲ್ಲ. ಮಲೆನಾಡಿನಲ್ಲಿ ನೆಟ್ಟಿ, ಅಂದರೆ ಇಲ್ಲಿಯ ನಾಟಿ, ನಡೆಯುವುದು ಜುಲೈಯಿಂದ ಆಗಸ್ಟ್ ನಡುವಿನವರೆಗೆ. ಎಚ್ಚೆಲ್ಸಿಗೆ ನೀರು ಬಿಡುವುದು ಸಾಮಾನ್ಯವಾಗಿ ಜುಲೈ ಮಧ್ಯದ ಆಚೆ, ಕೆಲವು ವರ್ಷ ಆಗಸ್ಟು. ಅವರ ಕೈಯಲ್ಲಿ ಸಸಿ ಇರುವಾಗ ಇವರ ಕೈ ಖಾಲಿ. ಮಲೆನಾಡಿನ ಏರುಗದ್ದೆ ಅತ್ಯಂತ ಚೆಂದ ಕಾಣುವುದೂ ಅದೇ ಎರಡು ಮೂರು ವಾರ: ಕೆಸರು ಮಾಡಿದ ಒಂದು ಗದ್ದೆ ಕಂದು, ನೆಟ್ಟಿಯಾದದ್ದು ಎಳೆ ಹಸಿರು, ಇನ್ನೂ ನೀರು ತುಂಬಿ ಬಿಟ್ಟದ್ದು ಬೆಳ್ಳಿ.

ಮಳೆಗೆ ಹೆದರುವವರಿಗೆ ಅಕ್ಟೋಬರ್ ಇದೆ. ಶೀಗಿ ಹುಣ್ಣಿಮೆಯನ್ನು ಮಲೆನಾಡಿನವರು ಭೂಮಿ ಹುಣ್ಣಿಮೆ ಎನ್ನುತ್ತಾರೆ. ಹೊಡೆ ತುಂಬಿದ ಗದ್ದೆಯನ್ನು ಬಸುರಿಯೆಂದು ಬಗೆದು ಬಯಕೆ ಊಟ ಬಡಿಸುವ ಹಬ್ಬ ಅದು. ಸಾಗರ, ಸೊರಬದ ಕಡೆ ದೀವರ ಹೆಂಗಸರು ಬಿದಿರ ಬುಟ್ಟಿಗೆ ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆಯುತ್ತಾರೆ. ರಾತ್ರಿಯೆಲ್ಲ ಅಡುಗೆ ಮಾಡಿ, ನಸುಕಿಗೆ ಬುಟ್ಟಿ ಹೊತ್ತು ಗದ್ದೆಗೆ ನಡೆಯುತ್ತಾರೆ. ಚರಗ ಚೆಲ್ಲುವುದು ಬಳ್ಳಾರಿ ಸೀಮೆಯವರಿಗೆ ಕಲಿಸಬೇಕಾದ ಪದ್ಧತಿಯಲ್ಲ, ಆದರೆ ಚಿತ್ತಾರದ ಬುಟ್ಟಿ ಅವರಿಗೂ ಹೊಸದು. ಆ ಹೊತ್ತಿಗೆ ಕಣೇಕಲ್ಲಿನ ನಾಟಿಯೂ ಮುಗಿದಿರುತ್ತದೆ, ಕೊಯ್ಲು ದೂರವಿರುತ್ತದೆ.

ಈಗ ದಾರಿಯ ಮಾತು. ಕಣೇಕಲ್ಲಿನಿಂದ ರಾಯದುರ್ಗ, ಅಲ್ಲಿಂದ ಮೊಳಕಾಲ್ಮೂರು, ಚಳ್ಳಕೆರೆ, ಚಿತ್ರದುರ್ಗ, ಶಿವಮೊಗ್ಗ, ತೀರ್ಥಹಳ್ಳಿ. ಒಟ್ಟು 300 ಕಿಲೋಮೀಟರಿನ ಹತ್ತಿರ. ಫಿಲಿಪ್ಪೀನ್ಸಿನಲ್ಲಿ ಮನಿಲಾದಿಂದ ಬನಾವೆಯ ಪ್ರಸಿದ್ಧ ಗದ್ದೆಗಳಿಗೂ ಸುಮಾರು 350 ಕಿಲೋಮೀಟರು. ಅಲ್ಲಿಯ ಜನ ರಾತ್ರಿ ಬಸ್ಸು ಹತ್ತಿ ಬೆಳಗಿಗೆ ಇಳಿಯುತ್ತಾರೆ. ಇಲ್ಲಿಯೂ ಅದೇ ಜಾಣತನ. ಶನಿವಾರ ಬೆಳಿಗ್ಗೆ ಹೊರಟರೆ ದಾರಿಯೇ ಅರ್ಧ ದಿನ ನುಂಗುತ್ತದೆ. ಶುಕ್ರವಾರ ಸಂಜೆಯೇ ಬಿಟ್ಟು ರಾತ್ರಿ ಶಿವಮೊಗ್ಗದಲ್ಲಿ ಮಲಗಿದರೆ ಶನಿವಾರ, ಭಾನುವಾರ ಎರಡೂ ಪೂರ್ತಿ ಸಿಗುತ್ತವೆ. ಬಳ್ಳಾರಿ–ರಾಯದುರ್ಗ–ಚಿತ್ರದುರ್ಗ–ಚಿಕ್ಕಜಾಜೂರು ರೈಲು ಮಾರ್ಗವೇನೋ ಇದೆ, ಗಾಡಿಗಳು ಮಾತ್ರ ಬೆರಳೆಣಿಕೆ. ಎರಡು ದಿನದ ಪ್ರವಾಸವನ್ನು ಅವುಗಳ ಮೇಲೆ ಕಟ್ಟುವುದು ಕಷ್ಟ.

ಬಸ್ಸಿನಲ್ಲಿ ಹೋಗುವ ಹೆಂಗಸರಿಗೆ ಗಡಿಯ ಲೆಕ್ಕ ಟಿಕೆಟ್ಟಿನಲ್ಲೇ ತಿಳಿಯುತ್ತದೆ. 2025ರ ಆಗಸ್ಟ್ 15ರಿಂದ ಆಂಧ್ರದ ಬಸ್ಸುಗಳಲ್ಲಿ ಸ್ತ್ರೀಶಕ್ತಿ ಯೋಜನೆ ಇರುವುದರಿಂದ ರಾಯದುರ್ಗದವರೆಗೆ ಅವರಿಗೆ ದುಡ್ಡಿಲ್ಲ. ಮುಂದೆ ಕರ್ನಾಟಕದ ಬಸ್ಸು ಹತ್ತಿದರೆ ಅಲ್ಲಿಯೂ 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ. ಆದರೆ ಅದು ಕರ್ನಾಟಕದ ನಿವಾಸಿಗಳಿಗೆ. ಮನೆಯಲ್ಲಿ ಕನ್ನಡ, ಆಧಾರಿನಲ್ಲಿ ಆಂಧ್ರ. ಕಂಡಕ್ಟರಿನ ಜೊತೆ ಎಷ್ಟು ಚೆಂದದ ಕನ್ನಡದಲ್ಲಿ ವಾದಿಸಿದರೂ ಟಿಕೆಟ್ಟು ತಪ್ಪುವುದಿಲ್ಲ. ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದ ರಾಯದುರ್ಗ ತಾಲ್ಲೂಕು, ಆದೋನಿ ಮತ್ತು ಆಲೂರಿನ ಜೊತೆಗೆ 1953ರ ಅಕ್ಟೋಬರ್ 1ರಂದು ಆಂಧ್ರಕ್ಕೆ ಹೋಯಿತು. ಉಳಿದ ಬಳ್ಳಾರಿ ಮೈಸೂರಿಗೆ ಬಂತು. ಎಪ್ಪತ್ತು ವರ್ಷದ ಹಿಂದಿನ ಆ ಗೆರೆ ಇವತ್ತಿಗೂ ಟಿಕೆಟ್ಟಿನ ಯಂತ್ರಕ್ಕೆ ನೆನಪಿದೆ.

ಮಡಕಶಿರದ ಕಡೆಯವರಿಗೆ ದಾರಿ ಬೇರೆ. ಅವರು ಶಿರಾ, ಹಿರಿಯೂರಿನ ಮೇಲೆ ಬಂದು ಮಾರಿಕಣಿವೆ ನೋಡಿಕೊಂಡು ಹೊಸದುರ್ಗ, ಕಡೂರು, ಚಿಕ್ಕಮಗಳೂರು ಹಿಡಿಯುವುದು ಸಲೀಸು. ಕಣೇಕಲ್ಲಿನವರು ಕಾಲುವೆಯ ಜಾಡು ಹಿಡಿದರೆ ಇವರು ವೇದಾವತಿಯ ಜಾಡು ಹಿಡಿದಂತಾಗುತ್ತದೆ. ದಾರಿಯಲ್ಲಿ ಸಿಗುವ ಮದಗದಕೆರೆಯ ಹೆಸರು ಜನಪದ ಹಾಡಿನಿಂದಾಗಿ ಕನ್ನಡದ ಮಕ್ಕಳಿಗೂ ಗೊತ್ತು.

ನಡುವೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ, ಚಿತ್ರದುರ್ಗದಲ್ಲಿ ಕೋಟೆ, ಚಳ್ಳಕೆರೆಯಲ್ಲಿ ಮಂಡಕ್ಕಿ. ಇವೆಲ್ಲಕ್ಕೂ ಬೇರೆ ಭಾನುವಾರಗಳಿವೆ. ಈ ಸಲ ನಿಲ್ಲಲೇಬೇಕಾದ ಜಾಗ ಒಂದೇ: ಶಿವಮೊಗ್ಗಕ್ಕೆ ಹದಿನೈದು ಕಿಲೋಮೀಟರಿನಷ್ಟು ಈಚೆ, ಹೊಳೆಹೊನ್ನೂರಿನ ಹತ್ತಿರದ ಕೂಡ್ಲಿ. ಸಂಗಮದ ಮೆಟ್ಟಿಲ ಮೇಲೆ ನಿಂತರೆ ಎಡಕ್ಕೊಂದು ಬಲಕ್ಕೊಂದು ಹೊಳೆ ಬಂದು ಒಂದಾಗುವುದು ಕಾಣುತ್ತದೆ. ಜುಲೈನಲ್ಲಿ ಎರಡರ ಬಣ್ಣವೂ ಚಹಾದ ಬಣ್ಣ. ಎಷ್ಟು ಮೆಟ್ಟಿಲು ಮುಳುಗಿವೆ ಎಂದು ಎಣಿಸಿದರೆ ಹೊಸಪೇಟೆಯ ಒಳಹರಿವಿನ ಅಂದಾಜು ಪತ್ರಿಕೆಗಿಂತ ಮೊದಲೇ ಸಿಕ್ಕಂತೆ.

ಶಿವಮೊಗ್ಗ ದಾಟಿದ ಮೇಲೆ ಮಂಡಗದ್ದೆ. ಊರಿನ ಹೆಸರಲ್ಲೇ ಗದ್ದೆಯಿದೆ. ತುಂಗೆಯ ನಡುಗಡ್ಡೆಯ ಮರಗಳಲ್ಲಿ ಆ ತಿಂಗಳು ಬೆಳ್ಳಕ್ಕಿಗಳ ಸಂಸಾರ. ಅಲ್ಲಿಂದ ತೀರ್ಥಹಳ್ಳಿ, ಕೊಪ್ಪ, ಶೃಂಗೇರಿಗಳ ನಡುವಿನ ಯಾವ ಒಳರಸ್ತೆಗೆ ಇಳಿದರೂ ಆಯಿತು. ಕುವೆಂಪು ಅವರ ಕುಪ್ಪಳಿಯ ಸುತ್ತಲಿನ ಕಣಿವೆಗಳೂ ಸೇರಿ, ಈ ಸೀಮೆಯಲ್ಲಿ ಗದ್ದೆಗೆ ಹಾಕಿದ ಬೋರ್ಡು ಎಲ್ಲೂ ಇಲ್ಲ, ಟಿಕೆಟ್ಟೂ ಇಲ್ಲ.

ಇಲ್ಲೊಂದು ಮಾತು ಮೊದಲೇ ಹೇಳಿಬಿಡಬೇಕು. ಮೊಬೈಲಿನಲ್ಲಿ ಕಂಡ ಬಾಲಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದವರಿಗೆ ಮಲೆನಾಡು ಮೊದಲ ಅರ್ಧ ಗಂಟೆ ನಿರಾಸೆ ಮಾಡುತ್ತದೆ. ಬನಾವೆಯಲ್ಲಿ ಗದ್ದೆಗಳು ಬೆಟ್ಟದ ಎದೆಯ ಮೇಲೆ ಗೋಡೆ ಕಟ್ಟಿಕೊಂಡು ಏರುತ್ತವೆ. ಮಲೆನಾಡಿನಲ್ಲಿ ಬೆಟ್ಟ ಕಾಡಿಗೆ ಬಿಟ್ಟದ್ದು. ಗದ್ದೆ ಇರುವುದು ಎರಡು ಗುಡ್ಡಗಳ ನಡುವಿನ ಇಳಿಜಾರು ಕಣಿವೆಯಲ್ಲಿ, ಮಡಿಸಿಟ್ಟ ಸೀರೆಯನ್ನು ಜಾರಬಿಟ್ಟ ಹಾಗೆ. ಒಂದು ಗದ್ದೆಗೂ ಇನ್ನೊಂದಕ್ಕೂ ಎತ್ತರದ ವ್ಯತ್ಯಾಸ ಹಲವೆಡೆ ಮೊಣಕಾಲಿನಷ್ಟು, ಕೆಲವೆಡೆ ಸೊಂಟದಷ್ಟು. ಮೇಲಿನವು ಮಕ್ಕಿ ಗದ್ದೆ, ಮಳೆಯನ್ನೇ ನಂಬಿದವು. ಕಣಿವೆಯ ತಳದ್ದು ಬೈಲು, ನೀರು ಒಸರುವ ನೆಲ. ಘಟ್ಟ ಇಳಿದು ಹೆಬ್ರಿಯ ಕಡೆ ಹೋದರೆ ಇದೇ ಲೆಕ್ಕಕ್ಕೆ ಇನ್ನೂ ಖಚಿತವಾದ ಹೆಸರುಗಳಿವೆ: ಮೇಲಿನದು ಬೆಟ್ಟು, ನಡುವಿನದು ಮಜಲು, ಕೆಳಗಿನದು ಬೈಲು. ಬೆಟ್ಟಿಗೆ ಒಂದು ಬೆಳೆ, ಮಜಲಿಗೆ ಎರಡು, ಬೈಲಿಗೆ ಏಣೇಲು, ಸುಗ್ಗಿ, ಕೊಳಕೆ ಎಂದು ಮೂರು. ಉಡುಪಿಯ ಕುಂಜಿಬೆಟ್ಟಿನಲ್ಲಿ ಈಗ ಕಟ್ಟಡಗಳಷ್ಟೇ ಕಂಡರೂ ಹೆಸರಿನಲ್ಲಿ ಹಳೆಯ ಗದ್ದೆ ಉಳಿದಿದೆ.

ನಿರಾಸೆ ಕಳೆಯಲು ಒಂದೇ ಉಪಾಯ, ದೂರದಿಂದ ನೋಡುವುದನ್ನು ಬಿಟ್ಟು ಅಂಚಿನ ಹತ್ತಿರ ಕುಕ್ಕರುಗಾಲಲ್ಲಿ ಕೂರುವುದು.

ಕಣೇಕಲ್ಲಿನಲ್ಲಿ ಬದು ಎಂದರೆ ನನ್ನದು ಇಲ್ಲಿಗೆ ಮುಗಿಯಿತು, ನಿನ್ನದು ಶುರುವಾಯಿತು ಎಂಬ ಗುರುತು. ಮಲೆನಾಡಿನಲ್ಲಿ ಅಂಚು ಎಂದರೆ ಗುಡ್ಡವನ್ನು ತಡೆದು ನಿಲ್ಲಿಸಿರುವ ಗೋಡೆ. ಮಳೆ ಹಿಡಿದ ಮೇಲೆ ರೈತ ಮೊದಲು ಮಾಡುವ ಕೆಲಸ ಅಂಚು ಕಡಿಯುವುದು. ಗುದ್ದಲಿಯಲ್ಲಿ ಹಳೆಯ ಹುಲ್ಲು, ಬೇರು ಕೆತ್ತಿ ತೆಗೆದು, ಗದ್ದೆಯ ಕೆಸರನ್ನೇ ಎತ್ತಿ ಮೆತ್ತಿ, ಪಾದದಿಂದ ಒತ್ತಿ ನಯ ಮಾಡುತ್ತಾನೆ. ಆಗ ತಾನೇ ಮೆತ್ತಿದ ಅಂಚು ಎಣ್ಣೆ ಹಚ್ಚಿದ ಎಮ್ಮೆಯ ಬೆನ್ನಿನ ಹಾಗೆ ಹೊಳೆಯುತ್ತದೆ. ಅಲ್ಲಲ್ಲಿ ರೂಪಾಯಿ ಅಗಲದ ತೂತು. ಅದು ಏಡಿಯ ಮನೆ. ರಾತ್ರಿ ಏಡಿ ಕೊರೆದ ತೂತಿನಿಂದ ಬೆಳಗಾಗುವಷ್ಟರಲ್ಲಿ ಮೇಲಿನ ಗದ್ದೆಯ ನೀರೆಲ್ಲ ಕೆಳಗಿನ ಗದ್ದೆಗೆ ಇಳಿದಿರಬಹುದು. ಆದ್ದರಿಂದ ಕೊಡೆ ಹಿಡಿದು ಅಂಚಿನ ಮೇಲೆ ಸುಮ್ಮನೆ ನಡೆಯುತ್ತಿರುವಂತೆ ಕಾಣುವ ಯಜಮಾನರು ನಿಜವಾಗಿ ಏಡಿಯ ಹುಡುಕಾಟದಲ್ಲಿರುತ್ತಾರೆ. ಸಿಕ್ಕ ಏಡಿ ಸಂಜೆ ಸಾರಿಗೆ.

ಪ್ರತಿ ಅಂಚಿನಲ್ಲೂ ಒಂದು ಕಂಡಿ. ಮೇಲಿನ ಗದ್ದೆಯಲ್ಲಿ ಬೇಕಾದಷ್ಟು ನಿಂತು ಮಿಕ್ಕ ನೀರು ಕಂಡಿಯಿಂದ ಕೆಳಗಿನದಕ್ಕೆ ಬೀಳುತ್ತದೆ. ಬೀಳುವ ಜಾಗದಲ್ಲಿ ಮಣ್ಣು ಕೊರೆಯದಂತೆ ಒಂದು ಚಪ್ಪಟೆ ಕಲ್ಲು, ಇಲ್ಲವೇ ಒಂದು ಅಡಿಕೆ ಹಾಳೆ. ಗೇಟಿಲ್ಲ, ಬೀಗವಿಲ್ಲ. ನೀರು ಹೆಚ್ಚಾಯಿತೆಂದರೆ ಒಂದು ಹಿಡಿ ಕೆಸರು ತೆಗೆಯುವುದು, ಕಡಿಮೆಯಾಯಿತೆಂದರೆ ಒಂದು ಹಿಡಿ ಹಾಕುವುದು. ಹೀಗೆ ಹತ್ತು, ಇಪ್ಪತ್ತು ಗದ್ದೆ ಇಳಿದು ನೀರು ಹಳ್ಳ ಸೇರುತ್ತದೆ, ಹಳ್ಳ ತುಂಗೆಗೆ. ನಾಲ್ಕು ತಿಂಗಳಲ್ಲಿ ಸುರಿಯುವ ಮಳೆ ಗುಡ್ಡದಿಂದ ನೇರ ಇಳಿದರೆ ಮಣ್ಣನ್ನೂ ಬಾಚಿಕೊಂಡು ಹೋಗುತ್ತದೆ. ಗದ್ದೆಯಿಂದ ಗದ್ದೆಗೆ ನಿಂತು ನಿಂತು ಇಳಿದರೆ ಮಣ್ಣನ್ನು ಅಲ್ಲಲ್ಲೇ ಕೂರಿಸಿ, ಒಂದಿಷ್ಟು ನೆಲದೊಳಗೂ ಇಂಗಿ, ಬೇಸಿಗೆಯಲ್ಲಿ ಒರತೆಯಾಗಿ ಬರುತ್ತದೆ. ತುಂಗಭದ್ರಾ ಅಣೆಕಟ್ಟಿನ ಸಾಮರ್ಥ್ಯ ಮೊದಲು 133 ಟಿಎಂಸಿ ಇತ್ತು, ಹೂಳು ತುಂಬಿ ಈಗ 105.78ಕ್ಕೆ ಇಳಿದಿದೆ. ಆ ಹೂಳಿಗೆ ಕಾರಣ ಒಂದೆರಡಲ್ಲ. ಆದರೂ ಅಡಿಕೆ ಹಾಳೆಯ ಮೇಲೆ ಬೀಳುವ ಆ ತಿಳಿನೀರನ್ನು ನೋಡುವಾಗ ಕಣೇಕಲ್ಲಿನವನಿಗೆ ಬೇರೆಯವರಿಗೆ ಹೊಳೆಯದ ಲೆಕ್ಕ ಹೊಳೆಯುತ್ತದೆ.

ಮುಂಗಾರಿನ ಮೊದಲ ದೊಡ್ಡ ಮಳೆಗೆ ಈ ಕಂಡಿಗಳಲ್ಲಿ ಇನ್ನೊಂದು ನಾಟಕ. ಹೊಳೆಯ ಮೀನುಗಳು ಮೊಟ್ಟೆಯಿಡಲು ಹಳ್ಳ ಹತ್ತಿ, ಹಳ್ಳದಿಂದ ಗದ್ದೆ ಹತ್ತಿ, ಕಂಡಿಯ ಪುಟ್ಟ ಜಲಪಾತಕ್ಕೆ ಎದುರಾಗಿ ನೆಗೆದು ಮೇಲಿನ ಗದ್ದೆಗೆ ಹೋಗುತ್ತವೆ. ಮಲೆನಾಡಿನವರು ಇದನ್ನು ಹತ್ಮೀನು ಎನ್ನುತ್ತಾರೆ, ಹತ್ತುವ ಮೀನು. ಟಾರ್ಚು, ಕತ್ತಿ, ಬುಟ್ಟಿ ಹಿಡಿದು ಸರಿರಾತ್ರಿ ಮಳೆಯಲ್ಲಿ ಅವುಗಳನ್ನು ಹಿಡಿಯುವ ಸಂಭ್ರಮದ ಕತೆಗಳಿಗೆ ಕೊನೆಯಿಲ್ಲ. ಮೊಟ್ಟೆ ಹೊತ್ತ ಮೀನನ್ನೇ ಹಿಡಿದರೆ ಮುಂದಿನ ವರ್ಷಕ್ಕೆ ಏನು ಉಳಿಯುತ್ತದೆ ಎಂದು ಕೇಳುವವರೂ ಈಗ ಅದೇ ಊರುಗಳಲ್ಲಿದ್ದಾರೆ.

ನೀರನ್ನು ಹಂಚುವ ಈ ಕಲೆಗೆ ಜಗತ್ತಿನಲ್ಲಿ ಅತಿ ಹೆಸರುವಾಸಿಯಾದ ಊರು ಬಾಲಿ. ಅಲ್ಲಿ ಒಂದೇ ನೀರಿಗೆ ಸೇರಿದ ರೈತರ ಕೂಟಕ್ಕೆ ಸುಬಕ್ ಎಂದು ಹೆಸರು, ಅದರ ಮುಖ್ಯಸ್ಥ ಪೆಕಸೆಹ್. ಯಾರ ಗದ್ದೆಗೆ ಯಾವಾಗ ನೀರು, ಯಾವಾಗ ನಾಟಿ, ಯಾವಾಗ ಗದ್ದೆ ಒಣಗಲು ಬಿಡಬೇಕು ಎಂಬುದು ನೀರಿನ ಗುಡಿಯಲ್ಲಿ ತೀರ್ಮಾನವಾಗುತ್ತಿತ್ತು. 1970ರ ದಶಕದಲ್ಲಿ ಹಸಿರು ಕ್ರಾಂತಿಯ ಅಧಿಕಾರಿಗಳು ಇದೆಲ್ಲ ಬಿಟ್ಟು ವರ್ಷಕ್ಕೆ ಎಷ್ಟು ಬೆಳೆಯಾಗುತ್ತದೋ ಅಷ್ಟು ಬೆಳೆಯಿರಿ ಎಂದರು. ಪ್ರತಿಯೊಬ್ಬನೂ ತನ್ನಿಷ್ಟದ ದಿನ ನೆಟ್ಟ. ನೀರಿಗೆ ಜಗಳವಾಯಿತು, ಒಂದು ಗದ್ದೆ ಕೊಯ್ಯುವಾಗ ಪಕ್ಕದ್ದು ಹಸಿರಾಗಿದ್ದರಿಂದ ಕೀಟಕ್ಕೆ ವರ್ಷವಿಡೀ ಹಬ್ಬವಾಯಿತು. ಎಲ್ಲರೂ ಒಟ್ಟಿಗೆ ಗದ್ದೆ ಖಾಲಿ ಬಿಟ್ಟರೆ ಕೀಟಕ್ಕೆ ಉಪವಾಸ ಎಂಬ ಗುಟ್ಟು ಗುಡಿಯ ಪಂಚಾಂಗದಲ್ಲಿತ್ತು ಎಂಬುದನ್ನು ಅಮೆರಿಕದ ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ಲೆಕ್ಕ ಹಾಕಿ ತೋರಿಸಿದರು. 2012ರಲ್ಲಿ ಸುಬಕ್ ಯುನೆಸ್ಕೊ ಪಟ್ಟಿಗೆ ಸೇರಿತು. ಕೆರೆಯ ತೂಬಿನ ಮೇಲೆ ನೀರಗಂಟಿ ಕೂತಿದ್ದ ಕಾಲವನ್ನು ನೆನಪಿಟ್ಟುಕೊಂಡಿರುವ ರಾಯಲಸೀಮೆಯ ಹಿರಿಯರಿಗೆ ಪೆಕಸೆಹ್ ಎಂದರೆ ಯಾರು ಎಂದು ವಿವರಿಸಬೇಕಾಗಿಲ್ಲ. ಕಾಲುವೆಯ ಕೊನೆಭಾಗದವರಿಗೆ ಜಗಳ ಎಂದರೆ ಏನು ಎಂದೂ ವಿವರಿಸಬೇಕಾಗಿಲ್ಲ. ಏರುಗದ್ದೆಯಲ್ಲಿ ಒಂದು ಅನುಕೂಲವೆಂದರೆ, ಮೇಲಿನವನು ನೀರನ್ನು ಬಹಳ ಹೊತ್ತು ಹಿಡಿದಿಟ್ಟುಕೊಂಡರೆ ಅವನ ಅಂಚೇ ಒಡೆಯುತ್ತದೆ.

ಬಾಲಿಗೂ ಮಲೆನಾಡಿಗೂ ಬೀಜದ ನಂಟೂ ಉಂಟು. ಮಲೆನಾಡಿನ ರೈತರು ದಶಕಗಳಿಂದ ಮೆಚ್ಚಿ ಬೆಳೆದ ಇಂಟಾನ್ ಇಂಡೋನೇಷ್ಯಾ ಮೂಲದ ತಳಿ. ಅಲ್ಲಿಯ ಭಾಷೆಯಲ್ಲಿ ಇಂಟಾನ್ ಎಂದರೆ ವಜ್ರ. ಕಣೇಕಲ್ಲಿನ ಸೋನಾ ಮಸೂರಿ ಉಂಡವರಿಗೆ ಮಲೆನಾಡಿನ ದಪ್ಪಕ್ಕಿಯ ಅನ್ನ ಮೊದಲ ತುತ್ತಿಗೆ ಹಿಡಿಸದೆ ಹೋಗಬಹುದು. ಆದರೆ ಅದೇ ಅಕ್ಕಿಯ ಕಡುಬು, ಅಕ್ಕಿ ರೊಟ್ಟಿ, ಜೊತೆಗೆ ಮಳೆಗಾಲದ ಕಳಲೆ ಪಲ್ಯ ಬಂದರೆ ಬೆಳಗಿನ ಉಗ್ಗಾಣಿ, ಬಜ್ಜಿ ಎರಡು ದಿನದ ಮಟ್ಟಿಗೆ ಮರೆತುಹೋಗುತ್ತವೆ.

ಬನಾವೆಯ ಕತೆ ಸ್ವಲ್ಪ ಬೇರೆ. ಇಫುಗಾವೊ ಜನರ ಆ ಗದ್ದೆಗಳಿಗೆ ಎರಡು ಸಾವಿರ ವರ್ಷ ಎಂದು ಪಠ್ಯಪುಸ್ತಕಗಳು ಬಹಳ ಕಾಲ ಹೇಳಿದವು. ಪುರಾತತ್ವಜ್ಞ ಸ್ಟೀಫನ್ ಅಕಬಾಡೊ ಅವರ ತಂಡ ಅಗೆದು ನೋಡಿ, ಭತ್ತದ ಗದ್ದೆಗಳು ಸ್ಪೇನಿನವರು ಬಂದ ಮೇಲಿನವು, ಸುಮಾರು ನಾಲ್ಕು ನೂರು ವರ್ಷದವು ಎಂದಿತು. ವಯಸ್ಸು ಕಡಿಮೆಯಾದರೂ ಚೆಲುವು ಕಡಿಮೆಯಾಗಲಿಲ್ಲ ಅನ್ನಿ. 1995ರಲ್ಲಿ ಯುನೆಸ್ಕೊ ಅಲ್ಲಿಯ ಗದ್ದೆಗಳನ್ನು ವಿಶ್ವ ಪರಂಪರೆ ಎಂದು ಘೋಷಿಸಿತು, 2001ರಲ್ಲಿ ಅಪಾಯದ ಪಟ್ಟಿಗೆ ಸೇರಿಸಿತು, 2012ರಲ್ಲಿ ಅದರಿಂದ ತೆಗೆಯಿತು. ಯುವಕರು ಪಟ್ಟಣಕ್ಕೆ ಹೋದರು, ಗೋಡೆ ಕುಸಿದರೆ ಕಟ್ಟುವವರಿಲ್ಲ ಎಂಬುದು ಅಲ್ಲಿಯ ಗೋಳು. ಇಫುಗಾವೊದಲ್ಲಿ ಗದ್ದೆಯ ನೆತ್ತಿಯ ಮೇಲಿನ ಕಾಡಿಗೆ ಮುಯೊಂಗ್ ಎನ್ನುತ್ತಾರೆ. ಅದನ್ನು ಕಡಿದರೆ ಕೆಳಗಿನ ಗದ್ದೆಗೆ ನೀರಿಲ್ಲ. ಶಿವಮೊಗ್ಗದ ಹಳ್ಳಿಗರು ಕಾನು ಎಂದು ಕಾಪಾಡಿಕೊಂಡು ಬಂದ ಕಾಡಿನ ಕೆಲಸವೂ ಇದೇ.

ಬನಾವೆಯ ಆ ಗೋಳು ತೀರ್ಥಹಳ್ಳಿಯ ಒಳರಸ್ತೆಗಳಲ್ಲೂ ಕಣ್ಣಿಗೆ ಬೀಳುತ್ತದೆ. ಒಂದು ಕಣಿವೆಯಲ್ಲಿ ನೆಟ್ಟಿ ನಡೆಯುತ್ತಿದ್ದರೆ ಪಕ್ಕದ ಕಣಿವೆಯ ಗದ್ದೆಯಲ್ಲಿ ಎದೆಮಟ್ಟದ ಅಡಿಕೆ ಸಸಿ ನಿಂತಿರುತ್ತದೆ. ರೈತನನ್ನು ದೂರುವಂತಿಲ್ಲ. ಕಣೇಕಲ್ಲಿನ ಗದ್ದೆಗೆ ಕಬ್ಬಿಣದ ಚಕ್ರದ ಟ್ರ್ಯಾಕ್ಟರು ಇಳಿಯುತ್ತದೆ, ಕೊಯ್ಲಿಗೆ ದೊಡ್ಡ ಯಂತ್ರ ಬರುತ್ತದೆ. ಇಲ್ಲಿಯ ಅಂಗೈ ಅಗಲದ ಗದ್ದೆಗೆ ಟಿಲ್ಲರ್ ಇಳಿಸುವುದೇ ಸಾಹಸ. ನೆಡುವ ಕೈಗಳು ಕಡಿಮೆ, ಕೂಲಿ ಹೆಚ್ಚು, ತೆನೆ ಬಂದ ಮೇಲೆ ಹಂದಿ, ಮಂಗ, ಕೆಲವೆಡೆ ಆನೆ. ಅಡಿಕೆಗೆ ಇಷ್ಟು ರಗಳೆಯಿಲ್ಲ, ಬೆಲೆಯೂ ಇದೆ. ಪಕ್ಕದ ಕೇರಳ 2008ರಲ್ಲಿ ಭತ್ತದ ಗದ್ದೆಯನ್ನು ಬೇರೆ ಕೆಲಸಕ್ಕೆ ಬಳಸುವುದಕ್ಕೆ ಕಡಿವಾಣ ಹಾಕುವ ಕಾನೂನು ತಂದಿತು. 2020ರಿಂದ ಗದ್ದೆಯನ್ನು ಗದ್ದೆಯಾಗಿಯೇ ಉಳಿಸಿಕೊಂಡವರಿಗೆ ಹೆಕ್ಟೇರಿಗೆ ವರ್ಷಕ್ಕೆ 2,000 ರೂಪಾಯಿ ರಾಯಧನ ಕೊಡಲು ಶುರುಮಾಡಿತು. ಮೊತ್ತ ದೊಡ್ಡದಲ್ಲ. ಆದರೆ ಭತ್ತ ಬೆಳೆಯುವವನು ನೀರನ್ನೂ ಬೆಳೆಯುತ್ತಾನೆ ಎಂದು ಒಂದು ಸರಕಾರ ಕಾಗದದ ಮೇಲೆ ಒಪ್ಪಿಕೊಂಡಂತಾಯಿತು. ಮಲೆನಾಡಿನ ಆ ಅಡಿಕೆ ಹಾಳೆಯಿಂದ ಕೆಳಗಿಳಿವ ನೀರು ಕಾಲುವೆ ಹಿಡಿದು ಅನಂತಪುರದವರೆಗೆ ಹೋಗುತ್ತದಲ್ಲ, ಕೆಳಗಿನ ಸೀಮೆಯವರೂ ಇದರ ಬಗ್ಗೆ ಯೋಚಿಸಬೇಕಾದದ್ದೇ.

ಉಳಿದುಕೊಳ್ಳುವುದಕ್ಕೆ ಹೋಂಸ್ಟೇಗಳು ಬೇಕಾದಷ್ಟಿವೆ. ಫೋನು ಮಾಡಿದಾಗ ಈಜುಕೊಳ ಇದೆಯೇ ಎಂದು ಕೇಳುವ ಬದಲು ಮನೆಯವರು ಇನ್ನೂ ಗದ್ದೆ ಮಾಡುತ್ತಾರೆಯೇ, ಆ ವಾರ ನೆಟ್ಟಿ ಇದೆಯೇ ಎಂದು ಕೇಳಿದರೆ ಈ ಪ್ರವಾಸ ಅರ್ಧ ಗೆದ್ದಂತೆ. ಗದ್ದೆಗಿಳಿಯುವ ಮುನ್ನ ಯಜಮಾನರ ಅಪ್ಪಣೆ, ಕಾಲಲ್ಲಿ ಚಪ್ಪಲಿ ಬೇಡ. ಹೊಸದಾಗಿ ಮೆತ್ತಿದ ಅಂಚಿನ ಮೇಲೆ ಸೆಲ್ಫಿಗೆ ನಿಂತು ಅದನ್ನು ಕುಸಿಸಿದರೆ ಒಂದು ಬೆಳಗಿನ ದುಡಿಮೆ ಹಾಳಾಗುತ್ತದೆ. ನಾಟಿಯ ಊರಿನಿಂದ ಬಂದವರಿಗೆ ಇದನ್ನು ಹೇಳಬೇಕಿಲ್ಲ. ಅವರನ್ನು ಸಾಲಿನಲ್ಲಿ ನಿಲ್ಲಿಸಿ ಕೈಗೆ ಒಂದು ಕಟ್ಟು ಸಸಿ ಕೊಟ್ಟರೆ ಅಲ್ಲಿಯವರೇ ಬೆರಗಾಗುವಷ್ಟು ಬೇಗ ನೆಟ್ಟು ತೋರಿಸುತ್ತಾರೆ.

ಹೇಳಬೇಕಾದದ್ದು ಇಂಬಳದ ಬಗ್ಗೆ. ಒಣಸೀಮೆಯವರಿಗೆ ಚೇಳು ಗೊತ್ತು, ಹಾವು ಗೊತ್ತು. ಹುಲ್ಲಿನ ತುದಿಯಲ್ಲಿ ಎದ್ದು ನಿಂತು ವಾಸನೆ ಹಿಡಿಯುವ ಈ ದಾರದಂಥ ಪ್ರಾಣಿ ಗೊತ್ತಿಲ್ಲ. ಕಚ್ಚಿದ್ದು ತಿಳಿಯುವುದೇ ಇಲ್ಲ, ಕಾಲ್ಚೀಲ ಕೆಂಪಾದಾಗ ತಿಳಿಯುತ್ತದೆ. ಕಿತ್ತೆಳೆಯಬಾರದು. ಉಪ್ಪೋ ಸುಣ್ಣವೋ ತಾಗಿಸಿದರೆ ತಾನೇ ಉದುರುತ್ತದೆ. ಒಂದು ಪೊಟ್ಟಣ ಉಪ್ಪು ಜೇಬಿನಲ್ಲಿರಲಿ. ಕೊಡೆಗಿಂತ ತಲೆಯಿಂದ ಮೊಣಕಾಲವರೆಗೆ ಬರುವ ಪ್ಲಾಸ್ಟಿಕ್ ಕೊಪ್ಪೆ ಮೇಲು. ಹಿಂದೆ ಎಲೆಯ ಗೊರಬು ಹಾಕುತ್ತಿದ್ದವರೂ ಈಗ ಅದನ್ನೇ ಹಾಕುತ್ತಾರೆ. ಹೊರಡುವ ಹಿಂದಿನ ದಿನ ಹವಾಮಾನ ಇಲಾಖೆಯ ಎಚ್ಚರಿಕೆ ನೋಡುವುದು ಒಳ್ಳೆಯದು. ರೆಡ್ ಅಲರ್ಟ್ ಇದ್ದರೆ ಹೋಗುವುದು ಬೇಡ, ಗುಡ್ಡ ಜರಿಯುವುದು, ರಸ್ತೆ ಮುಚ್ಚುವುದು ಆ ದಿನಗಳಲ್ಲೇ.

ಭಾನುವಾರ ಬೆಳಿಗ್ಗೆ ಸಮಯ ಮಿಕ್ಕರೆ ಶೃಂಗೇರಿಯಿಂದ ಮೇಲೆ ಗಂಗಾಮೂಲದ ಕಡೆಗೆ ರಸ್ತೆಯಿದೆ. ಅದು ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗೆ ಹಾಯುತ್ತದೆ. ಕಾಡಿನ ನಡುವೆ ಗಾಡಿ ನಿಲ್ಲಿಸಿ ಬುತ್ತಿ ಬಿಚ್ಚುವಂತಿಲ್ಲ. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಕುದುರೆಮುಖದ ಕಬ್ಬಿಣದ ಗಣಿ ನಿಂತದ್ದು ಈ ಹೊಳೆಗಳ ಸುತ್ತಲಿನ ಇದೇ ಬೆಟ್ಟಗಳಲ್ಲಿ. ಮಂಜು ಮುಚ್ಚಿದ ಆ ಹುಲ್ಲುಗುಡ್ಡ, ಶೋಲಾ ಕಾಡು ನೋಡಿದವರಿಗೆ ಹೊಳೆಗೆ ಮೂಲವೆಂಬ ಒಂದು ಬಿಂದು ಇರುವುದಿಲ್ಲ, ಇಡೀ ಗುಡ್ಡವೇ ಮೂಲ ಎಂಬುದು ಕಾಣುತ್ತದೆ. ಅದನ್ನು ನೋಡಿದ ಮೇಲೆ ಮಧ್ಯಾಹ್ನಕ್ಕೆ ಮುನ್ನ ಮರಳಿ ಹೊರಡಲೇಬೇಕು. ಇಲ್ಲವಾದರೆ ರಾಯದುರ್ಗದಿಂದ ಕಣೇಕಲ್ಲಿಗೆ ಹೋಗುವ ಕೊನೆಯ ಬಸ್ಸು ತಪ್ಪುತ್ತದೆ.

ಸೋಮವಾರ ಬೆಳಿಗ್ಗೆ ಹೋಟೆಲಿನ ಬೆಂಚಿನಲ್ಲಿ ಮೊಬೈಲು ಕೈಯಿಂದ ಕೈಗೆ ದಾಟುತ್ತದೆ. ಹುಡುಗರು ಫೋಟೋ ನೋಡುತ್ತಾರೆ. ಹಿರಿಯರು ಪತ್ರಿಕೆಯ ಮೂಲೆಯಲ್ಲಿ ಡ್ಯಾಮಿನ ಮಟ್ಟ, ಒಳಹರಿವು ಹುಡುಕುತ್ತಿರುತ್ತಾರೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದ ಮೇಲೆ ಆ ಮೂಲೆಯನ್ನು ಎರಡು ಸಲ ಓದುವ ಅಭ್ಯಾಸ ಬಿದ್ದಿದೆ. ನೆಲ್ಲು ನೋಡಿ ಬಂದಿರೇನ್ರೋ ಎಂದು ಅವರು ಮತ್ತೆ ಗೇಲಿ ಮಾಡುವುದಿಲ್ಲ. ಕನ್ನಡಕ ತೆಗೆದು ಕೇಳುವುದು ಒಂದೇ ಮಾತು.

“ಮಳೆ ಹೆಂಗೈತಪ್ಪಾ ಅಲ್ಲಿ?”

“ಜೋರೈತೆ ಮಾವಾ. ಕೂಡ್ಲಿಯಾಗೆ ಹೊಳೆ ಕೆಂಪಗೆ ಹರೀತೈತೆ, ಮೆಟ್ಟಿಲು ಒಂದೂ ಕಾಣಂಗಿಲ್ಲ.”